ಆಜ್ಞೆ ಕಣ್ಣಿಗೆ ಬೀಳಬೇಕು

ಗಣಕದಲ್ಲಿ ಪ್ರೋಗ್ರಾಮು ಬರೆಯಲು ಇಂದು ವಿದ್ಯಾರ್ಥಿಗಳು ಬಹುವಾಗಿ ಬಳಸುವ ತಂತ್ರಾಂಶಗಳಲ್ಲೊಂದು, ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್. ಇದಕ್ಕೆ ಎಕ್ಸ್‌ಟೆನ್ಷನ್ ಎಂಬ ಪೂರಕಾಂಗಗಳನ್ನು ಯಾರು ಬೇಕಾದರೂ ರಚಿಸಿ ಜೋಡಿಸಬಹುದು. ವಿಂಡೋಸ್ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಕಮಾಂಡ್ ಪ್ಯಾಲೆಟ್ಟಿನಲ್ಲಿ ಅವುಗಳ ಆಜ್ಞೆಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲಿಗೆ ಸೇರಿಸಿದೊಡನೆ ತಮ್ಮ ಕರ್ತವ್ಯ ತೀರಿತೆಂದು ಕೆಲವು ರಚನಕಾರರು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ.

1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಎಷ್ಟೇ ಘನವಾದುದಾದರೂ, ಪದ ಬಲ್ಲವನಿಗೆ ಅರ್ಥ ಕೊಟ್ಟೀತೇ ಹೊರತು ಅರ್ಥವನ್ನಷ್ಟೇ ಮನದಲ್ಲಿಟ್ಟುಕೊಂಡು ಪದವನ್ನು ಅರಸುವವನಿಗೆ ದಾರಿ ತೋರದು. ಪ್ಯಾಲೆಟ್ಟಿನ ಸ್ವಭಾವವೂ ಬಹುಮಟ್ಟಿಗೆ ಇದೇ. ಪೈಥಾನ್ ಎಕ್ಸ್‌ಟೆನ್ಷನ್ನಿನಲ್ಲಿ ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಎಂಬ ಆಜ್ಞೆಯಿದೆ. ಗಣಕದಲ್ಲಿ ಪೈಥಾನಿನ ಹಲವು ಆವೃತ್ತಿಗಳಿದ್ದರೆ ಯಾವುದರಿಂದ ಪ್ರೋಗ್ರಾಮು ನಡೆಯಬೇಕೆಂದು ಆರಿಸುವುದು ಅದರ ಕೆಲಸ. ಆವೃತ್ತಿ ಬದಲಾಗಬೇಕು ಎಂದಷ್ಟೇ ಬಲ್ಲ, ಅದನ್ನೂ ಕನ್ನಡದಲ್ಲಿ ಯೋಚಿಸುವ ಹೊಸ ವಿದ್ಯಾರ್ಥಿಗೆ ‘ಇಂಟರ್‌ಪ್ರಿಟರ್’ ಎಂಬ ಪದ ಹೇಗೆ ಹೊಳೆದೀತು? ಆಜ್ಞೆ ಇದ್ದೂ ಅವನ ಪಾಲಿಗೆ ಇಲ್ಲ. ಕೊರತೆ ತನ್ನ ಬುದ್ಧಿಯದೆಂದು ತಿಳಿದು ಆತ ಹಿಂಜರಿಯುವುದೇ ಇಲ್ಲಿನ ನಿಜವಾದ ನಷ್ಟ.

ಇದೇ ಆಜ್ಞೆಗೆ ಇನ್ನೊಂದು ಬಾಗಿಲುಂಟು. ಪೈಥಾನ್ ಕಡತ ತೆರೆದಿರುವಾಗ ಪರದೆಯ ಕೆಳಪಟ್ಟಿಯಲ್ಲಿ ಬಳಕೆಯಲ್ಲಿರುವ ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅಲ್ಲಿ ಕ್ಲಿಕ್ ಮಾಡಿದರೆ ಆಯ್ಕೆಯ ಪಟ್ಟಿ ಬರುತ್ತದೆ. ಪದ ತಿಳಿಯದವನೂ ಕಂಡದ್ದನ್ನು ಮುಟ್ಟಿನೋಡಿ ಕಲಿಯುತ್ತಾನೆ.

ಹಾಗೆಂದು ಆಜ್ಞೆಗೊಂದು ಗುಂಡಿ ಕೂರಿಸುವುದು ಸಲ್ಲದು. ಜಾತ್ರೆಯ ಅಂಗಡಿಸಾಲಿನಂತಾದ ಪರದೆಯಲ್ಲಿ ಕಣ್ಣು ಎಲ್ಲಿಯೂ ನಿಲ್ಲದು. ನಿತ್ಯೋಪಯೋಗಿಯಾದ ಒಂದೆರಡಕ್ಕೆ ಮಾತ್ರ ಆ ಗೌರವ ಸಾಕು. ಉಳಿದವುಗಳ ಹೆಸರಿಗೆ ಮೊದಲು ವರ್ಗನಾಮವಿರಲಿ. ಬರಿಯ ‘ರಿಫ್ರೆಶ್’ ಎಂದರೆ ಯಾವುದನ್ನು? ವರ್ಗನಾಮ ಸೇರಿಸಲು ಎಕ್ಸ್‌ಟೆನ್ಷನ್ನಿನ ವಿವರಕಡತದಲ್ಲಿ ಆಜ್ಞೆಗೊಂದು ಸಾಲು ಸಾಕು. ಸಂದರ್ಭಕ್ಕೆ ಒದಗದ ಆಜ್ಞೆಯನ್ನು ಪ್ಯಾಲೆಟ್ಟಿನಿಂದ ಮರೆಮಾಡುವ ‘ವೆನ್’ ಎಂಬ ನಿಬಂಧನೆಗೂ ಅಲ್ಲಿಯೇ ಸ್ಥಳವಿದೆ. ಶಾರ್ಟ್‌ಕಟ್ ಕೀಲಿಗಳಾದರೋ ಪಳಗಿದವರಿಗೆ ಸರಿ, ಹೊಸಬರಿಗೆ ಅವು ಬಾಯಿಪಾಠದ ಹೊರೆ.

ತಂತ್ರಾಂಶ ರಚನೆಯನ್ನೇ ಕಾಯಕವಾಗಿಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ಗಮನಿಸಬೇಕಾದುದೊಂದಿದೆ. ರಚನಕಾರನು ತಾನೇ ಪರೀಕ್ಷಿಸಿದರೆ ಈ ಕೊರತೆ ಕಾಣದು. ಹೆಸರಿಟ್ಟವನು ಅವನೇ ಅಲ್ಲವೇ? ಆ ಎಕ್ಸ್‌ಟೆನ್ಷನ್ನನ್ನು ಎಂದೂ ನೋಡದ ಒಬ್ಬ ಬಾಲಕನನ್ನೋ ಬಾಲಕಿಯನ್ನೋ ಗಣಕದ ಮುಂದೆ ಕೂರಿಸಿ, ಮಾಡಬೇಕಾದ ಕೆಲಸವನ್ನು ಮಾತ್ರ ತಿಳಿಸಿ, ಮೊದಲು ಯಾವ ಪದವನ್ನು ಟೈಪು ಮಾಡುವರೆಂದು ಗುರುತು ಹಾಕಿಕೊಳ್ಳಬೇಕು. ಆಜ್ಞೆಯ ಹೆಸರಿನಲ್ಲಿರಬೇಕಾದುದು ಆ ಪದ.