ಬೀಗದ ಕೈ ಯಾರ ಬಳಿ ಇರಬೇಕು?

ಮನೆಯ ಮಾತು ಮನೆಯಲ್ಲಿಯೇ ಇರಲೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ರೀತಿ. ಬಹಳ ಸಂದರ್ಭಗಳಲ್ಲಿ ಅದು ಹಿತವಾದುದೇ ಸರಿ. ಆದರೆ ಮನೆಯೊಳಗೂ ಆಡದೆ ಉಳಿದ ಮಾತು ಕೆಲವೊಮ್ಮೆ ಗೆದ್ದಲಿನಂತೆ ಮನೆಯನ್ನೇ ತಿನ್ನತೊಡಗುತ್ತದೆ. ಅಂತಹ ಒಂದು ಮಾತನ್ನು ಈ ತಿಂಗಳು ನಾವು ಓದುಗ ಬಾಂಧವರ ಮುಂದಿಡಬಯಸಿದ್ದೇವೆ. ಅಂತರ್ಜಾಲದ ಅಶ್ಲೀಲ ಚಿತ್ರಗಳನ್ನು ನೋಡುವ ಚಟ, ಅದನ್ನು ತಡೆಯುವ ಸಾಧನಗಳು ಹಾಗೂ ಅದರಿಂದ ಹೊರಬರುವ ಬಗೆ, ಇದೇ ಈ ಸಲದ ವಿಷಯ. ಸಂಕೋಚದ ವಿಷಯವೆಂದು ಹಾಳೆ ಮಗುಚದಿರಿ ಎಂದು ವಿನಂತಿ. ಈ ಚಟಕ್ಕೆ ನೀರೆರೆಯುವುದು ನಮ್ಮ ಮೌನವೇ.

ಒಂದು ಸಾಮಾನ್ಯ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಗ ಓದು ಮುಗಿಸಿ ದೂರದ ನಗರದಲ್ಲಿ ನೌಕರಿಗೆ ಸೇರಿದ್ದಾನೆ. ಬಾಡಿಗೆಯ ಕೋಣೆ, ಒಂಟಿತನ, ರಾತ್ರಿ ಕೈಯಲ್ಲಿ ಮೊಬೈಲ್. ಮೊದಮೊದಲು ಕುತೂಹಲಕ್ಕೆ ನೋಡಿದ್ದು ಬರಬರುತ್ತ ನಿತ್ಯದ ರೂಢಿಯಾಗುತ್ತದೆ. ಬೆಳಗಿನ ಜಾವದವರೆಗೆ ನಿದ್ದೆಯಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮದುವೆಯಾದರೆ ತಾನಾಗಿಯೇ ಬಿಟ್ಟುಹೋದೀತೆಂದು ಅವನು ನಂಬುತ್ತಾನೆ. ಮನೆಯವರಿಗೆ ಸುಳಿವು ಸಿಕ್ಕರೆ ಅವರೂ ಹಾಗೆಯೇ ನಂಬುತ್ತಾರೆ. ಮದುವೆಯಾಗುತ್ತದೆ, ಚಟ ಮಾತ್ರ ಹೋಗುವುದಿಲ್ಲ. ಏನೂ ಅರಿಯದ ಹೆಣ್ಣುಮಗಳೊಬ್ಬಳು ತನ್ನಲ್ಲೇ ಏನೋ ಕೊರತೆಯಿದೆಯೆಂದು ನೋಯತೊಡಗುತ್ತಾಳೆ. ಮದುವೆ ಔಷಧಿಯಲ್ಲ, ಸೊಸೆ ವೈದ್ಯಳಲ್ಲ. ಈ ಮಾತನ್ನು ಪಾಲಕರು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು.

ಹಾಗೆಂದು ಒಮ್ಮೆ ನೋಡಿದವರೆಲ್ಲರೂ ರೋಗಿಗಳೆಂದು ಭಾವಿಸುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯನ್ನು 2019ರಲ್ಲಿ ಅಂಗೀಕರಿಸಿತು. ಅದು 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಹತೋಟಿ ಮೀರಿದ ಲೈಂಗಿಕ ವರ್ತನೆಯನ್ನು ಅದರಲ್ಲಿ ಒಂದು ಮನೋವ್ಯಾಧಿಯಾಗಿ ಸೇರಿಸಲಾಗಿದೆ. ಪ್ರಚೋದನೆಯನ್ನು ತಡೆಯಲಾರದ ಸ್ಥಿತಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದಿರಬೇಕು. ಬಿಡಬೇಕೆಂಬ ಪ್ರಯತ್ನ ಮತ್ತೆ ಮತ್ತೆ ಸೋತಿರಬೇಕು. ಆರೋಗ್ಯ, ಉದ್ಯೋಗ, ಸಂಸಾರಕ್ಕೆ ಧಕ್ಕೆಯಾದರೂ, ಸುಖವೆಂಬುದೇ ಉಳಿಯದಿದ್ದರೂ ಬಿಡಲಾಗದಂತಿರಬೇಕು. ಇಂತಹ ಲಕ್ಷಣಗಳನ್ನು ನೋಡಿಯೇ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಕೇವಲ ನೈತಿಕ ಅಳುಕಿನಿಂದ ಉಂಟಾದ ಸಂಕಟವೊಂದೇ ಈ ವ್ಯಾಧಿಯ ಗುರುತಾಗದು ಎಂದೂ ಅಲ್ಲಿ ಸ್ಪಷ್ಟಪಡಿಸಲಾಗಿದೆ. ಇದನ್ನು ಮದ್ಯದ ಚಟದ ಸಾಲಿನಲ್ಲಿ ಇಡಬೇಕೇ ಬೇಡವೇ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ. ಅನುಭವಿಸುವವನ ಮಟ್ಟಿಗೆ ಅದು ಚಟವೇ ಆಗಿರುವುದರಿಂದ ನಾವೂ ಆ ಶಬ್ದವನ್ನೇ ಬಳಸಿದ್ದೇವೆ.

ಚಟ ಬೇರೂರುವುದು ಹೇಗೆ? ಹಿತವಾದುದನ್ನು ಮತ್ತೆ ಬೇಡುವಂತೆ ಪ್ರೇರೇಪಿಸುವ ವ್ಯವಸ್ಥೆಯೊಂದು ನಮ್ಮ ಮಿದುಳಿನಲ್ಲಿದೆ. ಡೋಪಮಿನ್ ಎಂಬ ರಾಸಾಯನಿಕ ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಲೇರಿ ವೂನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂತಹ ವರ್ತನೆಗೆ ಸಿಲುಕಿದ 19 ಪುರುಷರ ಮಿದುಳನ್ನು ಇತರರ ಮಿದುಳಿನೊಡನೆ ಹೋಲಿಸಿ ನೋಡಿದರು. ಮಾದಕ ವಸ್ತುಗಳ ಚಟವುಳ್ಳವರಲ್ಲಿ ಸುಳಿವು ಕಂಡೊಡನೆ ಚುರುಕಾಗುವ ಮಿದುಳಿನ ಭಾಗಗಳೇ ಇವರಲ್ಲಿಯೂ ಚುರುಕಾದವು. ಬೇಕೆಂಬ ತಹತಹ ಬಲವಾಗಿತ್ತು. ಆದರೆ ಅದಕ್ಕೆ ತಕ್ಕಷ್ಟು ಮೆಚ್ಚುಗೆ ಇರಲಿಲ್ಲ. ಇದು ಚಿಕ್ಕ ಅಧ್ಯಯನವೆಂಬುದು ನಿಜ. ಆದರೂ, ಹಿಡಿಸದಿದ್ದರೂ ಬಿಡಲಾಗುತ್ತಿಲ್ಲವೆಂದು ನೊಂದುಕೊಳ್ಳುವವರ ಮಾತು ಬರಿಯ ನೆಪವಲ್ಲವೆಂಬುದಕ್ಕೆ ಅದರಲ್ಲಿ ಆಧಾರವಿದೆ.

ಇದಕ್ಕೆ ನಾಚಿಕೆಯೂ ಜೊತೆಗೂಡುತ್ತದೆ. ಬೇಸರವೋ ಒತ್ತಡವೋ ಬಂದಾಗ ನೋಡುವುದು; ನೋಡಿದ ಮೇಲೆ ತನ್ನ ಬಗ್ಗೆಯೇ ಹೇಸಿಕೆ; ಆ ಹೇಸಿಕೆಯನ್ನು ಮರೆಯಲು ಮತ್ತೆ ನೋಡುವುದು. ಗಾಣದ ಎತ್ತಿನಂತೆ ಮನಸ್ಸು ಅಲ್ಲಿಯೇ ಸುತ್ತುತ್ತದೆ. ಬೈದು, ಹೀಯಾಳಿಸಿ ಬಿಡಿಸಹೊರಟವರು ತಮಗರಿವಿಲ್ಲದೆ ಈ ಗಾಣವನ್ನೇ ತಿರುಗಿಸುತ್ತಾರೆ.

ಇನ್ನು ತಡೆಯ ಸಾಧನಗಳ ವಿಚಾರ. ಅಂತರ್ಜಾಲದಲ್ಲಿ ನಾವು ಒಂದು ತಾಣದ ಹೆಸರನ್ನು ಬರೆದೊಡನೆ ಆ ಹೆಸರಿಗೆ ಸೇರಿದ ಸಂಖ್ಯಾ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ದೂರವಾಣಿಯ ಹೆಸರುಪಟ್ಟಿಯಂತೆ ಎಂದು ತಿಳಿದರೆ ಸಾಕು. ಅಶ್ಲೀಲ ತಾಣಗಳ ವಿಳಾಸವನ್ನು ಕೊಡಲೊಲ್ಲದ ಹೆಸರುಪಟ್ಟಿಗಳೂ ಇವೆ. ಕ್ಲೌಡ್‌ಫ್ಲೇರ್ ಕಂಪನಿಯು ಕುಟುಂಬಗಳಿಗಾಗಿ 2020ರಲ್ಲಿ ಆರಂಭಿಸಿದ ಉಚಿತ ಸೇವೆ ಅಂತಹದು. ಮನೆಯ ವೈಫೈ ರೂಟರಿನ ಡಿಎನ್‌ಎಸ್ ಸ್ಥಳದಲ್ಲಿ 1.1.1.3 ಹಾಗೂ 1.0.0.3 ಎಂದು ತುಂಬಿದರೆ, ಆ ರೂಟರಿನ ಡಿಎನ್‌ಎಸ್ ಬಳಸುವ ಮನೆಯ ಫೋನು ಮತ್ತು ಕಂಪ್ಯೂಟರುಗಳಿಗೆ ಇಂತಹ ತಾಣಗಳಲ್ಲಿ ಬಹುಪಾಲು ತೆರೆಯುವುದಿಲ್ಲ. ರೂಟರ್ ಅಳವಡಿಸಿದ ಕೇಬಲ್‌ನವರನ್ನು ಕೇಳಿದರೆ ಮಾಡಿಕೊಟ್ಟಾರು.

ಮನೆಯ ಹೊರಗೆ ಮೊಬೈಲ್ ಡೇಟಾ ಬಳಸುವಾಗಲೂ ತಡೆ ಇರಬೇಕಾದರೆ ಫೋನಿನಲ್ಲಿಯೇ ಏರ್ಪಾಡು ಬೇಕು. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸ್ಥಳವಿರುತ್ತದೆ. ಅಲ್ಲಿ ‘ಫ್ಯಾಮಿಲಿ.ಕ್ಲೌಡ್‌ಫ್ಲೇರ್-ಡಿಎನ್‌ಎಸ್.ಕಾಮ್’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬ ವಿಭಾಗದಲ್ಲಿ ವಯಸ್ಕರ ತಾಣಗಳನ್ನು ಮಿತಿಗೊಳಿಸುವ ಅವಕಾಶವಿದ್ದು, ಅದಕ್ಕೆ ಪ್ರತ್ಯೇಕ ಗುಪ್ತ ಸಂಖ್ಯೆಯ ಭದ್ರತೆ ಉಂಟು. ಗೂಗಲ್ ಹುಡುಕಾಟದಲ್ಲಿ ಸೇಫ್‌ಸರ್ಚ್, ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಎಂಬ ಸೋಸುವ ಸೌಲಭ್ಯಗಳಿವೆ. ಚಿಕ್ಕ ಮಕ್ಕಳ ಫೋನಿನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ಪಾಲಕರೇ ಇವನ್ನು ನಿಗದಿಪಡಿಸಬಹುದು.

ಇಷ್ಟಾದರೂ ಈ ಬೀಗಗಳಲ್ಲಿ ಯಾವುದೂ ಒಡೆಯಲಾಗದ್ದಲ್ಲ. ವಿಪಿಎನ್ ಬಳಸಿ ತಡೆಯನ್ನು ದಾಟಬಹುದು. ಮತ್ತೊಬ್ಬರ ಫೋನು ಇದ್ದೇ ಇದೆ. ಸಂದೇಶದ ಆ್ಯಪ್‌ಗಳೊಳಗೆ ಬಂದು ಬೀಳುವ ಚಿತ್ರಗಳನ್ನು ಹೆಸರುಪಟ್ಟಿ ತಡೆಯಲಾರದು. ಸರಕಾರಕ್ಕೂ ಇದರ ಅನುಭವವಾಗಿದೆ. 2015ರ ಜುಲೈ ಕೊನೆಯಲ್ಲಿ ಕೇಂದ್ರ ಸರಕಾರ 857 ತಾಣಗಳನ್ನು ತಡೆಯಲು ಆದೇಶಿಸಿ ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 827 ತಾಣಗಳನ್ನು ತಡೆಯುವಂತೆ ಸೂಚಿಸಲಾಯಿತು. ಹೆಸರು ಕೊಂಚ ಬದಲಿಸಿಕೊಂಡು ಹೊಸ ವಿಳಾಸದಿಂದ ಮರಳಿದ ತಾಣವೂ ಉಂಟು.

ಹಾಗಾದರೆ ಬೀಗವೇಕೆ? ಅದು ಸಮಯವನ್ನು ದೊರಕಿಸಿಕೊಡುತ್ತದೆ ಎಂಬುದೇ ಉತ್ತರ. ಚಟಗಳ ಚಿಕಿತ್ಸೆಯಲ್ಲಿ ಹೆಸರಾದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಅವರು ತಹತಹವನ್ನು ಅಲೆಗೆ ಹೋಲಿಸಿದರು. ಅದು ಏಳುತ್ತದೆ, ತುತ್ತತುದಿಗೆ ಮುಟ್ಟುತ್ತದೆ, ನಾವು ಏನೂ ಮಾಡದಿದ್ದರೂ ಇಳಿದುಹೋಗುತ್ತದೆ. ಅಲೆಯೊಡನೆ ಗುದ್ದಾಡದೆ, ಅದರಲ್ಲಿ ಮುಳುಗದೆ, ಅದು ಇಳಿಯುವವರೆಗೆ ನೋಡುತ್ತಿರುವುದನ್ನು ಅವರು ಕಲಿಸಿದರು. ಒಂದೇ ಬೆರಳಿನ ಒತ್ತಿಗೆ ಎಲ್ಲವೂ ತೆರೆದುಕೊಳ್ಳುವಂತಿದ್ದರೆ ಅಲೆ ಇಳಿಯಲು ಅವಕಾಶವೇ ಇರುವುದಿಲ್ಲ. ಬೀಗವಿದ್ದರೆ ಅದನ್ನು ಬಿಚ್ಚಲು ಹೊರಟ ಆ ಕೆಲವು ನಿಮಿಷಗಳಲ್ಲಿ ಮನುಷ್ಯನಿಗೆ ತನ್ನ ಅರಿವು ಮರಳಿ ಬರಲು ಎಡೆ ಸಿಗುತ್ತದೆ.

ಆದರೆ ಆ ಬೀಗದ ಕೈ ತನ್ನ ಕಿಸೆಯಲ್ಲಿಯೇ ಇದ್ದರೆ ಈ ಲಾಭವೂ ಇಲ್ಲ. ಮೇಲೆ ಹೇಳಿದ ಆಂಡ್ರಾಯ್ಡ್ ಏರ್ಪಾಡನ್ನು ಮಾಡಿದವನೇ ಕ್ಷಣಾರ್ಧದಲ್ಲಿ ಅಳಿಸಬಲ್ಲ. ಆದುದರಿಂದ ರೂಟರಿನ ಪಾಸ್‌ವರ್ಡ್, ಸ್ಕ್ರೀನ್ ಟೈಮ್‌ನ ಗುಪ್ತ ಸಂಖ್ಯೆ, ಅಥವಾ ಪಾಸ್‌ವರ್ಡಿನಿಂದ ಭದ್ರಪಡಿಸುವ ತಡೆ ಆ್ಯಪ್‌ನ ಕೀಲಿ ಇನ್ನೊಬ್ಬರ ಬಳಿ ಇರಬೇಕು. ಹಾಗೆ ಕೊಡಬೇಕಾದರೆ ಆ ಇನ್ನೊಬ್ಬರಿಗೆ ವಿಷಯ ಹೇಳಲೇಬೇಕಾಗುತ್ತದೆ. ಚಿಕಿತ್ಸೆ ಮೊದಲಾಗುವುದು ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಗುಟ್ಟು ಒಬ್ಬರಿಗೆ ಗೊತ್ತಾದ ದಿನವೇ ನಾಚಿಕೆಯ ಭಾರ ಅರ್ಧ ಇಳಿದಿರುತ್ತದೆ.

ಕೀಲಿ ಯಾರಿಗೆ ಕೊಡಬೇಕೆಂಬುದನ್ನು ಬಿಡಬೇಕೆಂದವನೇ ಆರಿಸಿಕೊಳ್ಳಲಿ. ಅಣ್ಣನಾಗಬಹುದು, ಆಪ್ತ ಗೆಳೆಯನಾಗಬಹುದು, ಮಾವನಾಗಬಹುದು. ಹೆಂಡತಿಯೇ ಆಗಬೇಕೆಂಬ ನಿಯಮವಿಲ್ಲ. ಮೊದಲೇ ನೊಂದವಳಿಗೆ ಕಾವಲಿನ ಕೆಲಸವನ್ನೂ ಹೊರಿಸುವುದು ನ್ಯಾಯವಲ್ಲ. ಅವಳಾಗಿಯೇ ಒಪ್ಪಿದರೆ ಮಾತು ಬೇರೆ. ಅವಳ ನೋವಿಗೂ ಕಿವಿಗೊಡುವವರು ಬೇಕು, ಬೇಕೆನಿಸಿದರೆ ಅವಳಿಗೂ ಆಪ್ತಸಲಹೆ ದೊರೆಯಬೇಕು. ಕೀಲಿ ಹಿಡಿದವರು ತನಿಖಾಧಿಕಾರಿಯಂತೆ ವರ್ತಿಸಬಾರದು. ವಾರಕ್ಕೊಮ್ಮೆ ‘ಹೇಗಿದ್ದೀಯಪ್ಪ?’ ಎಂದು ವಿಚಾರಿಸಿ, ಕೇಳಿದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಪ್ರಾಯಕ್ಕೆ ಬಂದವರ ಫೋನಿನಲ್ಲಿ ಅವರಿಗೆ ತಿಳಿಯದಂತೆ ಗೂಢಚಾರ ಆ್ಯಪ್ ಹಾಕುವುದಂತೂ ಸಲ್ಲದು. ಅದರಿಂದ ನಂಬಿಕೆ ಮುರಿಯುತ್ತದೆ.

ಬೀಗದ ಜೊತೆಗೆ ದಿನಚರಿಯೂ ಬದಲಾಗಬೇಕು. ಮಲಗುವ ಕೋಣೆಗೆ ಫೋನು ಒಯ್ಯದಿರುವುದು ಬಹಳ ಸರಳವಾದ ಹೆಜ್ಜೆ. ಬೆಳಗ್ಗೆ ಎಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ಮನಸ್ಸು ಅತ್ತ ಎಳೆಯುತ್ತದೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕೆಲವೇ ವಾರಗಳಲ್ಲಿ ಅದರ ಜಾಡು ಸಿಗುತ್ತದೆ. ರಾತ್ರಿ ಊಟದ ನಂತರದ ಒಂಟಿತನವೇ ಕಾರಣವಾಗಿದ್ದರೆ ಆ ಹೊತ್ತಿಗೆ ನಡಿಗೆ, ಮನೆಯವರೊಡನೆ ದೂರವಾಣಿಯ ಮಾತು, ಓದು, ಯಾವುದಾದರೂ ಒಂದನ್ನು ಗೊತ್ತುಮಾಡಿಕೊಳ್ಳಬೇಕು. ನಡುವೆ ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬಾರದು. ಒಮ್ಮೆ ಜಾರುವುದು ಬೇರೆ, ಪುನಃ ಚಟಕ್ಕೆ ಬೀಳುವುದು ಬೇರೆ ಎಂದು ಮಾರ್ಲಾಟ್ ಅವರು ಒತ್ತಿ ಹೇಳುತ್ತಿದ್ದರು. ಜಾರಿದವನನ್ನು ಪುನಃ ಚಟಕ್ಕೆ ತಳ್ಳುವುದು ಬಹುಮಟ್ಟಿಗೆ ‘ನಾನು ಕೆಟ್ಟೆ’ ಎಂಬ ಅವನ ಹತಾಶೆಯೇ.

ಮಕ್ಕಳ ಕೈಯಲ್ಲಿ ಇಂತಹ ದೃಶ್ಯ ಕಂಡರೆ ಪಾಲಕರು ಹೊಡೆಬಡಿಗೆ ಇಳಿಯಬಾರದು. ಎಲ್ಲಿಂದ ಬಂತು, ಯಾರು ಕಳಿಸಿದರು, ನೋಡಿ ಭಯವಾಯಿತೇ ಎಂದು ಶಾಂತವಾಗಿ ಕೇಳಬೇಕು. ಅವು ಹಣಕ್ಕಾಗಿ ನಟಿಸಿದ ದೃಶ್ಯಗಳು, ಗಂಡಹೆಂಡಿರ ಪ್ರೀತಿಗೂ ಗೌರವಕ್ಕೂ ಅಲ್ಲಿ ಸ್ಥಾನವಿಲ್ಲ ಎಂದು ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಹೇಳಬೇಕು. ನಾವು ಹೇಳದಿದ್ದರೆ ಆ ದೃಶ್ಯಗಳೇ ಮಕ್ಕಳ ಗುರುವಾಗುತ್ತವೆ. ಮಕ್ಕಳನ್ನು ಬಳಸಿ ತಯಾರಿಸಿದ ಅಶ್ಲೀಲ ಸಾಮಗ್ರಿಯಂತೂ ಗಂಭೀರ ಅಪರಾಧದ ವಿಷಯ. ಅಂತಹದನ್ನು ನೋಡುವುದು, ಅಳಿಸದೆ ಅಥವಾ ದೂರು ನೀಡದೆ ಇರಿಸಿಕೊಳ್ಳುವುದು ಕೂಡ ಪೋಕ್ಸೋ ಕಾಯಿದೆಯಡಿ ಅಪರಾಧವಾಗಬಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್ 23ರಂದು ತೀರ್ಪು ನೀಡಿದೆ.

ಸ್ವಪ್ರಯತ್ನ ಸಾಲದಾದಾಗ ವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರ. ಮನೆಯಿಂದಲೇ ಮಾತನಾಡಬೇಕೆನ್ನುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಬಹುದು. ಅದು ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆಲೋಚನೆ ಹಾಗೂ ವರ್ತನೆಯ ಜಾಡನ್ನು ಬದಲಿಸುವ ಮಾತಿನ ಚಿಕಿತ್ಸೆಯೇ ಇಲ್ಲಿ ಮುಖ್ಯ. ಚಟದ ಬೆನ್ನ ಹಿಂದೆ ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೂ ಉಪಚಾರ ದೊರೆಯುತ್ತದೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತ ಸಮಸ್ಯೆ, ಧಾತು ದೌರ್ಬಲ್ಯ’ ಎಂದು ಬರೆಸಿಕೊಂಡು ಕುಳಿತವರ ಬಳಿಗೆ ಮಾತ್ರ ಯಾರೂ ಹೋಗದಿರಲಿ. ವೀರ್ಯ ನಷ್ಟವಾಗಿ ದೇಹ ಸೊರಗುತ್ತದೆಂಬ ಭಯಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆ ಭಯದಿಂದಲೇ ಕಾಯಿಲೆ ಬೀಳುವುದನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತು ಸಿಂಡ್ರೋಮ್’ ಎಂದು ಹೆಸರಿಟ್ಟರು. ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರಿಗೆ ಹಣ ತೆತ್ತರೆ ಹಣವೂ ಹೋಗುತ್ತದೆ, ಚಟವೂ ಉಳಿಯುತ್ತದೆ.

ಈ ಬರಹವನ್ನು ಓದುತ್ತಿರುವವರಲ್ಲಿ ಕೆಲವರು ಇದು ತಮ್ಮದೇ ಕಥೆಯೆಂದು ಅಂದುಕೊಂಡಿದ್ದರೆ ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಇಂದೇ ಒಬ್ಬರಿಗೆ ಹೇಳಿ, ಕೀಲಿಯನ್ನು ಅವರ ಕೈಗೆ ಕೊಡಿ. ಇನ್ನು ಕೆಲವರ ಬಳಿಗೆ ನಾಳೆ ಒಬ್ಬ ಮಗನೋ ತಮ್ಮನೋ ಗೆಳೆಯನೋ ತಲೆ ತಗ್ಗಿಸಿಕೊಂಡು ಬರಬಹುದು. ಬಂದವನನ್ನು ಕುಳ್ಳಿರಿಸಿ, ನೀರು ಕೊಟ್ಟು, ಅವನು ಹೇಳುವುದನ್ನು ಕೊನೆಯವರೆಗೆ ಕೇಳಿರಿ. ಅಷ್ಟು ಧೈರ್ಯ ಮಾಡಿ ಬಂದವನು ಅರ್ಧ ದಾರಿ ನಡೆದಿರುತ್ತಾನೆ. ಉಳಿದರ್ಧಕ್ಕೆ ಜೊತೆಯಾಗುವುದು ಮನೆಯವರ ಕೆಲಸ.