ಆಷಾಢದ ಗಾಳಿ, ಚೈತ್ರದ ಕರೆಂಟು

ಆಷಾಢದಲ್ಲಿ ಗದಗ ಜಿಲ್ಲೆಯ ನಮ್ಮ ಅಸುಂಡಿಯ ಎರಿ ಹೊಲದಲ್ಲಿ ನಿಂತರೆ ಹೆಗಲ ಮೇಲಿನ ಟವೆಲ್ಲು ನಿಲ್ಲುವುದಿಲ್ಲ. ಕಪ್ಪತಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ಹಗಲೂ ರಾತ್ರಿ ತಿರುಗುವ ಕಾಲ ಅದು. ಪಂಪ್‌ಸೆಟ್ಟಿಗೆ ಕರೆಂಟು ಬೇಕಾಗುವ ಚೈತ್ರದಲ್ಲಿ ಆ ಗಾಳಿ ಇರುವುದಿಲ್ಲ. ಹಾಗಾದರೆ ಆಷಾಢದ ಗಾಳಿಯಿಂದ ಹೈಡ್ರೋಜನ್ ಮಾಡಿ ಕೂಡಿಟ್ಟು, ಚೈತ್ರದಲ್ಲಿ ಇಂಧನಕೋಶದಿಂದ ಮತ್ತೆ ಕರೆಂಟು ತೆಗೆಯಬಾರದೇಕೆ? ಕೇಂದ್ರ ಸರ್ಕಾರ 2023ರಲ್ಲಿ ಹಸಿರು ಹೈಡ್ರೋಜನ್ನಿಗೆ 19,744 ಕೋಟಿ ರೂಪಾಯಿ ಎತ್ತಿಟ್ಟ ಮೇಲಂತೂ ಇದು ಕೇಳಲೇಬೇಕಾದ ಪ್ರಶ್ನೆ.

ಹೈಡ್ರೋಜನ್ನನ್ನೂ ಆಮ್ಲಜನಕವನ್ನೂ ಕೂಡಿಸಿ ಕರೆಂಟು ಕೊಡುವ ಇಂಧನಕೋಶಗಳಲ್ಲಿ ಒಂದು ಬಗೆಯಾದ ಕ್ಷಾರದ ಕೋಶ ಹೊಸದಲ್ಲ. 1959ರಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಬೇಕನ್ ಐದು ಕಿಲೋವ್ಯಾಟಿನ ಕೋಶ ನಡೆಸಿ ತೋರಿಸಿದರು. ಅದೇ ವರ್ಷ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ 1,008 ಕೋಶ ಜೋಡಿಸಿದ ಟ್ರ್ಯಾಕ್ಟರಿನಿಂದ ಹೊಲ ಉತ್ತಿತು. ಚಂದ್ರನಿಗೆ ಹೋದ ಅಪೊಲೊ ನೌಕೆಗೆ ಕರೆಂಟು ಕೊಟ್ಟದ್ದು ಬೇಕನ್ನರ ಕೋಶದ ಸಂತತಿಯೇ. ಅದರಿಂದ ಬಂದ ನೀರನ್ನೇ ಯಾತ್ರಿಗಳು ಕುಡಿದರು. ದುಬಾರಿ ಪ್ಲಾಟಿನಂ ಇಲ್ಲದೆ ನಿಕ್ಕಲ್ಲಿನಿಂದಲೂ ನಡೆಯುವುದು ಇದರ ದೊಡ್ಡ ಗುಣ.

ಇಂಥದ್ದು ಊರಿಗೇಕೆ ಬರಲಿಲ್ಲ? ತಿಳಿ ಸುಣ್ಣದ ನೀರನ್ನು ತೆರೆದಿಟ್ಟು ನೋಡಿ, ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮಾಡುವ ಕೆಲಸ ಅದು. ಕೋಶದೊಳಗಿನ ಪೊಟ್ಯಾಶಿಯಂ ಹೈಡ್ರಾಕ್ಸೈಡಿಗೂ ಅದೇ ಗತಿ: ಕ್ಷಾರ ಕಾರ್ಬೊನೇಟಾಗಿ, ಎಲೆಕ್ಟ್ರೋಡಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಾಹ್ಯಾಕಾಶದಲ್ಲಿ ಶುದ್ಧ ಆಮ್ಲಜನಕ ಒಯ್ದಿದ್ದರು, ಚಿಂತೆ ಇರಲಿಲ್ಲ. ನಮ್ಮಲ್ಲೂ ದಾರಿ ಇದೆ. ನೀರು ಒಡೆದಾಗ ಕಿಲೋ ಹೈಡ್ರೋಜನ್ನಿನ ಜೊತೆ ಎಂಟು ಕಿಲೋ ಆಮ್ಲಜನಕ ಹುಟ್ಟುತ್ತದೆ, ಅದೂ ಕೋಶಕ್ಕೆ ಬೇಕಾದಷ್ಟೇ. ಸಾಮಾನ್ಯವಾಗಿ ಹೊರಗೆ ಬಿಟ್ಟುಬಿಡುವ ಅದನ್ನೂ ತುಂಬಿಟ್ಟುಕೊಂಡರೆ ಕೆನೆಯ ಕಾಟವೇ ಇಲ್ಲ. ಸಿಲಿಂಡರಿನ ಖರ್ಚು ಏರುತ್ತದೆ, ನಿಜ.

ಹೊಡೆತ ಬೀಳುವುದು ಯೂನಿಟ್ಟಿನ ಲೆಕ್ಕದಲ್ಲಿ. ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಬೇಕು. ಕೋಶ ಮರಳಿ ಕೊಡುವುದು 18ರಿಂದ 20. ಒತ್ತಿ ತುಂಬುವ ಖರ್ಚು ಬೇರೆ. ಮೂರು ಚೀಲ ಬಿತ್ತಿ ಒಂದು ಚೀಲ ಬೆಳೆದಂತಾಯಿತು! ಹಗಲಿನ ಕರೆಂಟನ್ನು ರಾತ್ರಿಗೆ ಇಡಲು ಬ್ಯಾಟರಿ ಸಾಕು, ಅದು ಹತ್ತಕ್ಕೆ ಎಂಟೂವರೆಯಾದರೂ ಮರಳಿ ಕೊಡುತ್ತದೆ.

ಹೀಗಾಗಿ ಜಿಲ್ಲೆಗೆಲ್ಲ ಕರೆಂಟು ಕೊಡುವ ಸ್ಥಾವರವಾಗಿ ಈ ಕೋಶ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಲೈನು ಹೋದಾಗ ಆಸ್ಪತ್ರೆ ನಡೆಸಲು, ತಿಂಗಳುಗಟ್ಟಲೆ ಕೂಡಿಡಲೇಬೇಕಾದ ಕಡೆ ಮಾತ್ರ ಪರೀಕ್ಷಿಸಬಹುದು. ಗದಗಿನ ಪಕ್ಕದ ನಾಗಾವಿಯಲ್ಲೇ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವಿದೆ. ಬೇಕನ್ನರದಷ್ಟೇ, ಐದು ಕಿಲೋವ್ಯಾಟಿನ ಕೋಶವೊಂದನ್ನು ಅಲ್ಲಿ ಕೂಡಿಸಿ, ಆಷಾಢದಿಂದ ಆಷಾಢದವರೆಗೆ ಒಳಹೋದ, ಹೊರಬಂದ ಯೂನಿಟ್ಟುಗಳನ್ನು ಬರೆದು ನಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಲಿ.