ಅಂಕಿತ ಕಸಿಯುವವರು

ಕೈಕೆಳಗಿನವರ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವ ಮೇಲಧಿಕಾರಿ, ಕಾಯಕ ತತ್ವದ ಬಗ್ಗೆ ಉಪದೇಶ ಮಾಡುವುದನ್ನು ಸೇವೆಯಲ್ಲಿದ್ದಷ್ಟು ವರ್ಷವೂ ಕೇಳಿದ್ದೇನೆ. "ನಿಮ್ಮದು ಕಾಯಕವಲ್ಲವೇನ್ರೀ, ಹೆಸರು ಯಾಕೆ ಬೇಕು?" ಎನ್ನುತ್ತಾರೆ. ಹೆಸರು ಬೇಡವಾಗಬೇಕಾದದ್ದು ಕೆಳಗಿನವನಿಗೆ ಮಾತ್ರ!

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ಕಾಲುಸಂಕವನ್ನೇ ನಂಬಿ ಹಳ್ಳ ದಾಟುವ ಮನೆಗಳುಂಟು. ಅಂಥ ಒಂದು ಹಳ್ಳಕ್ಕೆ ಕಿರಿಯ ಎಂಜಿನಿಯರೊಬ್ಬರು ಇಂಬಳ ಕಚ್ಚಿಸಿಕೊಂಡು ಓಡಾಡಿ, ನೆರೆ ಏರಿದ ಗುರುತು ಅಳೆದು, ಇಲ್ಲಿ ಮೋರಿ ಸಾಲದು, ಸೇತುವೆಯೇ ಬೇಕು ಎಂದು ಲೆಕ್ಕ ಮಾಡಿ ಕೊಟ್ಟರು. ಸಭೆಯಲ್ಲಿ ಮೇಲಿನವರು "ನಾನೇ ಸ್ಥಳ ನೋಡಿ ತೀರ್ಮಾನಿಸಿದೆ" ಎಂದರು. ಅವರ ಜೀಪು ಡಾಂಬರು ಬಿಟ್ಟು ಕೆಳಗಿಳಿದಿರಲೇ ಇಲ್ಲ.

12ನೇ ಶತಮಾನದ ಶರಣರು ಹೀಗೆ ಮಾಡಿದರೇ? ಬಸವಣ್ಣನವರು ಬಿಜ್ಜಳನ ಭಂಡಾರಿ. ಅವರು ಮನಸ್ಸು ಮಾಡಿದ್ದರೆ ಎಲ್ಲರ ಮಾತಿಗೂ ಕೂಡಲಸಂಗಮದೇವನ ಮುದ್ರೆ ಬೀಳುತ್ತಿತ್ತು. ಬೀಳಲಿಲ್ಲ. ಮಡಿವಾಳ ಮಾಚಿದೇವರದು ಕಲಿದೇವ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನು, ಕಾಯಕವನ್ನೇ ಅಂಕಿತ ಮಾಡಿಕೊಂಡರು. ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ವಚನ ಸಂಗ್ರಹಿಸುವಾಗ, ಯಾವುದು ಯಾರದೆಂದು ತಿಳಿಯಲು ಈ ಅಂಕಿತಗಳೇ ಆಧಾರ. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮಗೆಲ್ಲ ಗೊತ್ತು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೋಗಿ ಅಲ್ಲೇ ಸುರಿದು ಬನ್ನಿ ಎಂದವರು ಆಕೆ. ಪರರ ದುಡಿಮೆಯ ಕೀರ್ತಿಯೂ ಹೆಚ್ಚಿಗೆ ತಂದ ಅಕ್ಕಿಯೇ.

ಮಂಜೂರಾತಿಯ ಹೊಣೆ ಮೇಲಿನವರದು, ನಿಜ. ಅದಕ್ಕೆ ಅವರ ಸಹಿ ಇರಲಿ. ಇಲಾಖೆಯ ಅಳತೆ ಪುಸ್ತಕದಲ್ಲಿ ಅಳೆದವನ ಸಹಿ, ತಪಾಸಣೆ ಮಾಡಿದವರ ಸಹಿ ಬೇರೆ ಬೇರೆ, ತಾರೀಖಿನ ಸಮೇತ. ಕೆಲಸ ಕುಸಿದರೆ ವಿಚಾರಣೆ ಮೊದಲು ಹುಡುಕುವುದು ಅಳೆದವನನ್ನೇ. ಆಗ ಅವನ ಹೆಸರು ಎಲ್ಲರಿಗೂ ನೆನಪಾಗುತ್ತದೆ!

ಆದ್ದರಿಂದ ಕಿರಿಯರೇ, ಬಾಯಿಮಾತಿನಲ್ಲಿ ವಿಚಾರ ಒಪ್ಪಿಸಬೇಡಿ. ಕಡತದಲ್ಲಿ ಮೊದಲ ಟಿಪ್ಪಣಿ ನೀವೇ ಬರೆದು ತಾರೀಖು ಹಾಕಿ. ನಕ್ಷೆಯ ಮೂಲೆಯಲ್ಲಿ "ತಯಾರಿಸಿದವರು" ಎಂಬ ಜಾಗ ಖಾಲಿ ಬಿಡಬೇಡಿ. ಸಭೆ ಮುಗಿದ ಮೇಲೆ ಏಕಾಂತದಲ್ಲಿ, ಗೌರವದಿಂದಲೇ, "ಸಾರ್, ನಡಾವಳಿಯಲ್ಲಿ ನನ್ನ ಹೆಸರೂ ಸೇರಲಿ" ಎಂದು ಕೇಳಿ. ಕೇಳುವುದು ಅಹಂಕಾರವಲ್ಲ. ಒಪ್ಪದಿದ್ದರೆ ಅದನ್ನೇ ಒಂದು ಪತ್ರವಾಗಿ ಬರೆದು ಕೊಡಿ.

ಇನ್ನು ನಮ್ಮ ಮನೆಯ ಮಾತು. ಮಠಗಳ ಕಾಲೇಜುಗಳಲ್ಲಿ ಉಪನ್ಯಾಸಕರು ಬರೆದದ್ದಕ್ಕೆ ಮುಖ್ಯಸ್ಥರ ಹೆಸರು ಬರುವುದಿಲ್ಲವೇ? ಸ್ಮರಣ ಸಂಚಿಕೆಗೆ ರಾತ್ರಿಯಿಡೀ ಕರಡು ತಿದ್ದಿದವರನ್ನು ಬಿಟ್ಟು, ಒಂದು ಪುಟವನ್ನೂ ಓದದವರನ್ನು ಸಂಪಾದಕರೆಂದು ಅಚ್ಚು ಹಾಕುವುದಿಲ್ಲವೇ? ಪೂಜ್ಯರು ಈ ಮಾತಿಗೆ ಮುನಿಸಿಕೊಳ್ಳಬಾರದು. ಮುಂದಿನ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ, ಯಾವ ಪುಟ ಯಾರು ಬರೆದರು ಎಂದು ಒಮ್ಮೆ ಕರೆದು ಕೇಳಲಿ.